ಗಟ್ಟಿಗಿತ್ತಿ ಎಂದರೆ ನೋವಿಲ್ಲದವಳೇ?

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿಗಳು ಖಾಲಿ ಇವೆ. ನಿಂತು ಕೇಳಿ ಮುಗಿಸುವಷ್ಟು ಚಿಕ್ಕ ಮಾತಲ್ಲ ಇದು.

ಆಹ್ವಾನ ಪತ್ರಿಕೆಯಲ್ಲಿ ನನ್ನ ಉಪನ್ಯಾಸಕ್ಕೆ ‘ಅಮೆರಿಕದ ಕಪ್ಪು ಮಹಿಳೆ: ಎದೆಗಾರಿಕೆಯ ಪ್ರತೀಕ’ ಎಂದು ಹೆಸರು ಕೊಟ್ಟಿದ್ದೀರಿ. ಪ್ರೀತಿಯಿಂದಲೇ ಕೊಟ್ಟಿದ್ದೀರಿ, ಅದು ನನಗೆ ಗೊತ್ತು. ಆದರೆ ಇವತ್ತು ನಾನು ಆ ಪ್ರೀತಿಯ ಜೊತೆಗೇ ಸ್ವಲ್ಪ ಜಗಳ ಆಡಬೇಕಾಗಿದೆ. ಹ್ಯಾರಿಯೆಟ್ ಟಬ್‌ಮನ್, ರೋಸಾ ಪಾರ್ಕ್ಸ್, ಸೆರೆನಾ ವಿಲಿಯಮ್ಸ್, ಮಿಶೆಲ್ ಒಬಾಮಾ ಇವರೆಲ್ಲ ನಮ್ಮ ಪಠ್ಯಗಳಲ್ಲಿ, ಮಹಿಳಾ ದಿನದ ಪೋಸ್ಟರುಗಳಲ್ಲಿ ಇದ್ದಾರೆ. ಇರಬೇಕು. ಅವರ ಧೈರ್ಯ ನೂರಕ್ಕೆ ನೂರು ನಿಜ. ಆದರೆ ಕಪ್ಪು ಹೆಂಗಸು ಹುಟ್ಟಾ ಗಟ್ಟಿಗಿತ್ತಿ, ಏನು ಬಂದರೂ ತಡೆದುಕೊಳ್ಳುತ್ತಾಳೆ, ಅವಳಿಗೆ ಯಾರ ಆಸರೆಯೂ ಬೇಡ ಎಂಬ ಮಾತಿದೆಯಲ್ಲ, ಆ ಮಾತು ಅವಳಿಗಿಂತ ಹೆಚ್ಚಾಗಿ ಅವಳನ್ನು ಹೊಡೆದವರಿಗೇ ಉಪಯೋಗಕ್ಕೆ ಬಂದಿದೆ. ಹೊಗಳಿಕೆಯ ಹಾಗೆ ಕೇಳಿಸುವುದರಿಂದ ಯಾರೂ ಅದನ್ನು ಎದುರಿಸುವುದಿಲ್ಲ. ನಾನು ಇವತ್ತು ಹೇಳಲು ಬಂದದ್ದು ಇಷ್ಟೇ. ನೀವು ಕೇಳುವಾಗ ಒಂದೇ ಒಂದು ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಷ್ಟೊಂದು ಬಲ ಇದ್ದವಳ ಮಾತು ಎಲ್ಲಿ ನಡೆಯಿತು? ಯಾವ ಕಚೇರಿಯಲ್ಲಿ, ಯಾವ ಠಾಣೆಯಲ್ಲಿ, ಯಾವ ಕೋರ್ಟಿನಲ್ಲಿ?

1965ರಿಂದ ಶುರುಮಾಡುತ್ತೇನೆ. ಲಿಂಡನ್ ಜಾನ್ಸನ್ ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಕಪ್ಪು ಕುಟುಂಬಗಳ ಬಗ್ಗೆ ಬರೆದ ವರದಿ ನಿಮಗೆ ಗೊತ್ತಿದೆ, ಸಮಾಜಶಾಸ್ತ್ರದವರು ಓದಿಯೇ ಇರುತ್ತೀರಿ. ಗುಲಾಮಗಿರಿ, ನಿರುದ್ಯೋಗ ಎಲ್ಲವನ್ನೂ ಹೇಳಿದ ಮೇಲೆ ವರದಿ ಬೆರಳು ಮಾಡಿದ್ದು ತಾಯಿಯ ಕಡೆಗೆ. ಕಪ್ಪು ಸಮಾಜದಲ್ಲಿ ಮನೆಯ ಯಜಮಾನಿಕೆ ಹೆಂಗಸಿನ ಕೈಗೆ ಹೋಗಿದೆ, ಅದರಿಂದ ಗಂಡಸು ಕುಗ್ಗಿದ್ದಾನೆ, ಇಡೀ ಸಮುದಾಯ ಹಿಂದೆ ಬಿದ್ದಿದೆ ಎಂಬ ವಾದ ಅದು.

ಯಾರು ಈ ಯಜಮಾನಿ? ಬೆಳಗಾಗುವ ಮೊದಲೇ ಬಸ್ಸು ಹತ್ತಿ ಬಿಳಿಯರ ಮನೆಗೆ ಹೋಗಿ, ಅಡುಗೆ, ಕಸಮುಸುರೆ, ಬಟ್ಟೆ ಎಲ್ಲ ಮುಗಿಸಿ, ಅವರ ಮಕ್ಕಳನ್ನು ಮಲಗಿಸಿ, ಕತ್ತಲಾದ ಮೇಲೆ ತನ್ನ ಮಕ್ಕಳ ಹತ್ತಿರ ಬರುತ್ತಿದ್ದವಳು. 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟರು. 1938ರ ಕನಿಷ್ಠ ಕೂಲಿಯ ಕಾಯ್ದೆಯಲ್ಲೂ ಅವರಿಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿಯ ರಕ್ಷಣೆ ಸಿಕ್ಕಿದ್ದು 1974ರಲ್ಲಿ, ಅಂದರೆ ಮೊಯ್ನಿಹಾನ್ ವರದಿ ಬಂದು ಒಂಬತ್ತು ವರ್ಷ ಆದ ಮೇಲೆ. ಕನಿಷ್ಠ ಕೂಲಿಯೂ ಇಲ್ಲದವಳನ್ನು ಕರೆದು ನೀನು ಅಧಿಕಾರ ನಡೆಸುತ್ತಿದ್ದೀಯ ಎಂದರು. ಮಾತು ನಡೆಯಿತೇ ಅವಳದು? ಸಂಬಳ ಕೇಳುವ ಮಾತೇ ನಡೆಯಲಿಲ್ಲ.

ಇದಕ್ಕಿಂತ ಹಿಂದಿನ ಒಂದು ಸಂಗತಿ ನಮ್ಮ ಪುಸ್ತಕಗಳಲ್ಲಿ ಬರುವುದಿಲ್ಲ, ಹೇಳಿಬಿಡುತ್ತೇನೆ. 1922ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಗುಂಪುಹತ್ಯೆ ತಡೆಯುವ ಡೈಯರ್ ಮಸೂದೆ ಸತ್ತುಹೋಯಿತು. ಕೆಳಮನೆ ಒಪ್ಪಿತ್ತು. ದಕ್ಷಿಣದ ಸದಸ್ಯರು ಸೆನೆಟ್ಟಿನಲ್ಲಿ ಸದನ ನಡೆಯದ ಹಾಗೆ ಮಾಡಿ ಅದನ್ನು ಮುಗಿಸಿದರು. ಎರಡೇ ತಿಂಗಳಿಗೆ, 1923ರ ಫೆಬ್ರವರಿಯಲ್ಲಿ, ಅದೇ ಸೆನೆಟ್ಟು ಇನ್ನೊಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಏನದು? ದಕ್ಷಿಣದ ನಿಷ್ಠಾವಂತ ‘ಮ್ಯಾಮಿ’ಗಳ ನೆನಪಿಗೆ ವಾಷಿಂಗ್ಟನ್‌ನಲ್ಲಿ ಒಂದು ಸ್ಮಾರಕ! ಒಡೆಯರ ಮಕ್ಕಳನ್ನು ಎತ್ತಿ ಆಡಿಸಿದ ಗುಲಾಮ ದಾದಿಗೆ ಕಲ್ಲಿನ ಗೌರವ. ಅವಳ ಗಂಡನನ್ನೋ ಮಗನನ್ನೋ ಮರಕ್ಕೆ ನೇತುಹಾಕುವವರನ್ನು ತಡೆಯಲು ಕಾಯ್ದೆ ಬೇಡ, ಅವಳ ತಾಳ್ಮೆಗೆ ಪ್ರತಿಮೆ ಬೇಕು. ಮೇರಿ ಚರ್ಚ್ ಟೆರೆಲ್ ಮತ್ತು ಅವರಂಥ ಕಪ್ಪು ಮಹಿಳೆಯರು ಬರೆದು, ಮನವಿ ಕೊಟ್ಟು, ಗಲಾಟೆ ಮಾಡಿದರು. ಕೊನೆಗೆ ಆ ಸ್ಮಾರಕ ಏಳಲೇ ಇಲ್ಲ. ಆ ಮಹಿಳೆಯರು ಕೇಳಿದ್ದು ಪ್ರತಿಮೆಯನ್ನಲ್ಲ, ಕಾಯ್ದೆಯನ್ನು. ಗುಂಪುಹತ್ಯೆಯ ವಿರುದ್ಧ ಒಕ್ಕೂಟದ ಕಾಯ್ದೆ ಬಂದದ್ದು ಯಾವಾಗ ಗೊತ್ತೇ? 2022ರಲ್ಲಿ.

ಗುಲಾಮಗಿರಿಯ ಕಾಲಕ್ಕೆ ಹೋದರೆ ಈ ಬಲದ ಕಥೆಯ ಬೇರು ಸಿಗುತ್ತದೆ. 1662ರಲ್ಲಿ ವರ್ಜೀನಿಯಾ ಒಂದು ಕಾಯ್ದೆ ಮಾಡಿತು: ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯನ್ನು ನೋಡಿ ತೀರ್ಮಾನ. ಗುಲಾಮ ಹೆಂಗಸಿನ ಹೊಟ್ಟೆಯಲ್ಲಿ ಒಡೆಯನಿಗೇ ಹುಟ್ಟಿದ ಮಗು ಒಡೆಯನ ಆಸ್ತಿ. ಅತ್ಯಾಚಾರಕ್ಕೆ ಶಿಕ್ಷೆ ಹಾಗಿರಲಿ, ಲಾಭ ಬರುವ ಹಾಗೆ ಮಾಡಿದರು. ಕಾಯ್ದೆ ಇಷ್ಟು ಹೇಸಿಗೆಯಾದಾಗ ಅದನ್ನು ಮುಚ್ಚಲು ಒಂದು ಕಥೆ ಬೇಕಲ್ಲ? ಕಪ್ಪು ಹೆಂಗಸಿಗೆ ಕಾಮ ಹೆಚ್ಚು, ಅವಳೇ ಸೆಳೆಯುತ್ತಾಳೆ ಎಂಬ ಕಥೆ ಹುಟ್ಟಿತು. ಅದೂ ಒಂದು ಬಗೆಯ ಬಲದ ಕಥೆಯೇ ನೋಡಿ. ಒಡೆಯನ ಮೇಲೆ ಅವಳಿಗೆ ಹಿಡಿತವಿದೆ ಎಂದು ಒಡೆಯನೇ ಹೇಳಿದ್ದು.

ಮಿಸೌರಿಯ ಕ್ಯಾಲವೇ ಕೌಂಟಿಯಲ್ಲಿ ಸೀಲಿಯಾ ಎಂಬ ಹುಡುಗಿ ಇದ್ದಳು. ರಾಬರ್ಟ್ ನ್ಯೂಸಮ್ ಎಂಬ ಮುದುಕ ರೈತ ಅವಳನ್ನು ಕೊಂಡ ಲಾಗಾಯ್ತು ವರ್ಷಗಟ್ಟಲೆ ಅವಳ ಮೇಲೆ ಅತ್ಯಾಚಾರ ಮಾಡಿದ. 1855ರ ಒಂದು ರಾತ್ರಿ, ಗರ್ಭಿಣಿಯಾಗಿ ಕಾಯಿಲೆ ಬಿದ್ದಿದ್ದ ಅವಳ ಗುಡಿಸಲಿಗೆ ಮತ್ತೆ ಬಂದ. ದೊಣ್ಣೆಯಿಂದ ಹೊಡೆದಳು, ಅವನು ಸತ್ತ. ಯಾವ ಹೆಂಗಸೇ ಆಗಲಿ, ಬಲಾತ್ಕಾರವನ್ನು ತಡೆಯಲು ಎದುರಿಸಬಹುದು ಎಂದು ಮಿಸೌರಿಯ ಕಾಯ್ದೆಯಲ್ಲೇ ಇತ್ತು. ಅವಳ ವಕೀಲರು ಅದನ್ನೇ ಹಿಡಿದು ವಾದಿಸಿದರು. ಆ ರಕ್ಷಣೆ ಇವಳಿಗೂ ಉಂಟು ಎಂದು ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಕೂರಿಸಿದ ನಾಗರಿಕರಿಗೆ, ತಿಳಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವಳನ್ನು ಗಲ್ಲಿಗೇರಿಸಿದರು.

ಈಗ ನನಗೆ ತುಂಬ ಹತ್ತಿರವಾದ ಒಬ್ಬರ ವಿಷಯಕ್ಕೆ ಬರುತ್ತೇನೆ. ಇವರ ಬಗ್ಗೆ ಮಾತಾಡಲು ಶುರುಮಾಡಿದರೆ ನನಗೆ ಗಡಿಯಾರ ಕಾಣಿಸುವುದಿಲ್ಲ, ಅಧ್ಯಕ್ಷರು ಮೊದಲೇ ಕ್ಷಮಿಸಬೇಕು. ಫ್ಯಾನಿ ಲೂ ಹೇಮರ್. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದ ದಂಪತಿಗಳ ಇಪ್ಪತ್ತನೆಯ ಮಗು, 1917ರಲ್ಲಿ ಹುಟ್ಟಿದ್ದು. ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಇಳಿದವರು. 1961ರಲ್ಲಿ ಗರ್ಭಕೋಶದ ಒಂದು ಗೆಡ್ಡೆ ತೆಗೆಸಲು ಆಸ್ಪತ್ರೆಗೆ ಹೋದರು. ವೈದ್ಯರು ಗರ್ಭಕೋಶವನ್ನೇ ತೆಗೆದುಬಿಟ್ಟರು, ಕೇಳದೆ, ಹೇಳದೆ. ದಕ್ಷಿಣದಲ್ಲಿ ಇದು ಎಷ್ಟು ಮಾಮೂಲಾಗಿತ್ತು ಎಂದರೆ ‘ಮಿಸಿಸಿಪ್ಪಿ ಅಪೆಂಡಿಕ್ಸ್ ಆಪರೇಷನ್’ ಎಂದು ಜನರೇ ಹೆಸರಿಟ್ಟಿದ್ದರು.

ಮರುವರ್ಷ ಆಗಸ್ಟಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಾಕ್ಕೆ ಬಸ್ಸಿನಲ್ಲಿ ಹೋದರು. ವಾಪಸು ಬರುವಷ್ಟರಲ್ಲಿ ಸುದ್ದಿ ಜಮೀನುದಾರನ ಕಿವಿಗೆ ಬಿದ್ದಿತ್ತು. ಅರ್ಜಿ ವಾಪಸು ತಗೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. ಹದಿನೆಂಟು ವರ್ಷ ದುಡಿದ ಜಾಗವನ್ನು ಆ ರಾತ್ರಿಯೇ ಬಿಟ್ಟರು. ಇಲ್ಲಿಯತನಕ ಎಲ್ಲರೂ ಹೇಳುತ್ತಾರೆ, ಧೀರೆ, ಗಟ್ಟಿಗಿತ್ತಿ ಎಂದು. ಮುಂದಿನದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ.

1963ರ ಜೂನ್ 9. ತರಬೇತಿ ಶಿಬಿರವೊಂದನ್ನು ಮುಗಿಸಿ ಸಂಗಾತಿಗಳ ಜೊತೆ ಬಸ್ಸಿನಲ್ಲಿ ಬರುತ್ತಿದ್ದಾರೆ. ವಿನೋನಾ ಎಂಬ ಊರಿನಲ್ಲಿ ಬಸ್ಸು ನಿಂತಿತು. ಬಿಳಿಯರಿಗೆಂದು ಇದ್ದ ಕಡೆ ಕೆಲವರು ಊಟಕ್ಕೆ ಕೂತರು, ಪೊಲೀಸರು ಬಂದರು, ಎಲ್ಲರನ್ನೂ ಜೈಲಿಗೆ ಒಯ್ದರು. ಹೇಮರ್ ಅವರನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಇಬ್ಬರು ಕಪ್ಪು ಕೈದಿಗಳು. ಪೊಲೀಸನು ಒಬ್ಬನ ಕೈಗೆ ಚರ್ಮದ ಹೊಡೆಗೋಲು ಕೊಟ್ಟು ಹೊಡಿ ಎಂದ. ಹೇಮರ್ ಅವರನ್ನು ಮಂಚದ ಮೇಲೆ ಬೋರಲು ಮಲಗಿಸಿದರು. ಅವನು ಕೈಸೋಲುವ ತನಕ ಹೊಡೆದ. ಆಮೇಲೆ ಎರಡನೆಯವನ ಸರದಿ. ಕಾಲು ಒದ್ದಾಡದಿರಲಿ ಎಂದು ಮೊದಲಿನವನು ಅವರ ಕಾಲ ಮೇಲೆ ಕೂತ. ಹೊಡೆತದ ನಡುವೆ ಅವರ ಉಡುಪು ಮೇಲಕ್ಕೆ ಸರಿಯಿತು. ಆ ನೋವಿನಲ್ಲೂ ಕೈ ಹಿಂದೆ ಮಾಡಿ ಅದನ್ನು ಕೆಳಗೆ ಎಳೆದುಕೊಂಡರು. ಕೋಣೆಯಲ್ಲಿದ್ದ ಒಬ್ಬ ಬಿಳಿಯ ಅದನ್ನು ಮತ್ತೆ ಮೇಲಕ್ಕೆ ಎತ್ತಿದ.

ಇದು ಗಾಳಿಮಾತಲ್ಲ. 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ, ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ, ಟಿವಿ ಕ್ಯಾಮೆರಾಗಳ ಮುಂದೆ, ಅವರ ಬಾಯಿಂದಲೇ ಬಂದ ಸಾಕ್ಷ್ಯ. ಉಡುಪಿನ ವಿಷಯವನ್ನೂ ಅವರು ಬಿಡಲಿಲ್ಲ. ದೇಶದ ಅಧ್ಯಕ್ಷ ಜಾನ್ಸನ್ ಎಷ್ಟು ಗಾಬರಿಬಿದ್ದರೆಂದರೆ, ತಕ್ಷಣ ಶ್ವೇತಭವನದಲ್ಲಿ ಪತ್ರಕರ್ತರನ್ನು ಸೇರಿಸಿ ಮಾತಿಗೆ ನಿಂತರು. ಕ್ಯಾಮೆರಾಗಳು ಆ ಕಡೆ ತಿರುಗಿದವು. ಹೇಳಲು ಅವರ ಹತ್ತಿರ ದೊಡ್ಡ ಸುದ್ದಿಯೇನೂ ಇರಲಿಲ್ಲ, ಹೊಲದ ಕೂಲಿ ಹೆಂಗಸಿನ ಮಾತು ದೇಶಕ್ಕೆ ಕೇಳಿಸಬಾರದಿತ್ತು. ಆದರೂ ರಾತ್ರಿಯ ಸುದ್ದಿಯಲ್ಲಿ ವಾಹಿನಿಗಳು ಅವರ ಸಾಕ್ಷ್ಯವನ್ನು ತೋರಿಸಿದವು. ನನಗೆ ಈ ಜಾಗಕ್ಕೆ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಆ ಜೈಲಿನಿಂದ ಹೊರಬಂದಾಗ ಅವರ ಮೂತ್ರಪಿಂಡ ಕೆಟ್ಟಿತ್ತು, ಒಂದು ಕಣ್ಣಿಗೆ ಪೆಟ್ಟಾಗಿತ್ತು, ನಡಿಗೆ ಮತ್ತೆ ಸರಿಯಾಗಲಿಲ್ಲ. ಹೊಡೆಸಿದ ಅಧಿಕಾರಿಗಳ ಮೇಲೆ ಕೇಸಾಯಿತು, ಎಲ್ಲರೂ ಬಿಳಿಯರೇ ಇದ್ದ ಜ್ಯೂರಿ 1963ರ ಡಿಸೆಂಬರಿನಲ್ಲಿ ಅವರನ್ನು ಬಿಟ್ಟುಬಿಟ್ಟಿತು. ಹೇಮರ್ 1977ರಲ್ಲಿ, 59ನೆಯ ವಯಸ್ಸಿಗೆ ತೀರಿಹೋದರು. ಇಂದಿಗೂ ಅವರನ್ನು ನೆನೆಯುವವರು ಅವರ ಕಂಠದ ಬಗ್ಗೆ ಹೇಳುತ್ತಾರೆ, ಸಭೆಯನ್ನು ಎಬ್ಬಿಸುವ ಹಾಡಿನ ಬಗ್ಗೆ ಹೇಳುತ್ತಾರೆ. ಆ ಕೋಣೆಯಲ್ಲಿ ನಡೆದದ್ದು ‘ಥಳಿತ’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಅದು ಲೈಂಗಿಕ ಹಿಂಸೆ ಎಂದು ಬರೆಯುವವರು ಕಡಿಮೆ. ಗರ್ಭಕೋಶ ಕಿತ್ತದ್ದು ಒಂದು ಸಾಲು. ಅವರ ಶೌರ್ಯದ ಕಥೆ ಹೇಳಲು ಅವರ ದೇಹಕ್ಕೆ ಏನು ಮಾಡಿದರು ಎಂಬುದನ್ನು ಬದಿಗೆ ಸರಿಸುವುದು ಅಭ್ಯಾಸವಾಗಿಬಿಟ್ಟಿದೆ. ಅವರು ಸ್ವತಃ ಸರಿಸಿರಲಿಲ್ಲ.

ರೋಸಾ ಪಾರ್ಕ್ಸ್ ಅವರಿಗೂ ಇದೇ ಆಗಿದೆ. ಬಿಳಿಯನಿಗೆ ಬಿಟ್ಟುಕೊಡದ ಬಸ್ಸಿನ ಸೀಟು, ದಣಿದ ದರ್ಜಿ ಹೆಂಗಸು, 1955. ಇಷ್ಟನ್ನೇ ನಾವು ಮಕ್ಕಳಿಗೆ ಕಲಿಸುತ್ತೇವೆ. ಅದಕ್ಕೆ ಹನ್ನೊಂದು ವರ್ಷ ಮೊದಲು, 1944ರ ಸೆಪ್ಟೆಂಬರಿನಲ್ಲಿ, ಅಲಬಾಮಾದ ಆ್ಯಬೆವಿಲ್‌ನಲ್ಲಿ ರೀಸಿ ಟೇಲರ್ ಎಂಬ 24 ವರ್ಷದ ತಾಯಿ ರಾತ್ರಿ ಚರ್ಚಿನಿಂದ ಮನೆಗೆ ನಡೆದು ಬರುತ್ತಿದ್ದರು. ಬಂದೂಕು ಹಿಡಿದ ಬಿಳಿಯ ಯುವಕರು ಕಾರಿನಲ್ಲಿ ಎತ್ತಿಕೊಂಡು ಹೋದರು, ಆರು ಮಂದಿ ಅತ್ಯಾಚಾರ ಮಾಡಿದರು. ಬಾಯಿಬಿಟ್ಟರೆ ಕೊಲ್ಲುತ್ತೇವೆ ಎಂದಿದ್ದರು. ಅವರು ಆ ರಾತ್ರಿಯೇ ಬಾಯಿಬಿಟ್ಟರು. ಅವರ ಮನೆಯ ಜಗಲಿಗೆ ಬೆಂಕಿ ಬಿತ್ತು. ಮಾಂಟ್ಗೊಮರಿಯಿಂದ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆ ತನಿಖೆಗೆ ಕಳಿಸಿದ ಕಾರ್ಯಕರ್ತೆಯೇ ರೋಸಾ ಪಾರ್ಕ್ಸ್. ಟೇಲರ್ ಪರವಾಗಿ ಸಮಿತಿ ಕಟ್ಟಿದರು, ದೇಶದ ಉದ್ದಗಲಕ್ಕೂ ಪತ್ರ ಹೋದವು. ಆ ಯುವಕರಲ್ಲಿ ಒಬ್ಬ ಒಪ್ಪಿಕೊಂಡೂ ಇದ್ದ. ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ಎರಡು ಗ್ರ್ಯಾಂಡ್ ಜ್ಯೂರಿಗಳು ಕೂತವು, ಎರಡೂ ಮೊಕದ್ದಮೆಯೇ ಬೇಡ ಎಂದವು. ಅಲಬಾಮಾ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ. ಟೇಲರ್ ಅವರಿಗೆ ಆಗ 91 ವರ್ಷ.

ಪಾರ್ಕ್ಸ್ ಈ ಕೆಲಸ ಬಿಡಲಿಲ್ಲ. 1974ರಲ್ಲಿ ನಾರ್ತ್ ಕ್ಯಾರೊಲಿನಾದ ಒಂದು ಜೈಲಿನಲ್ಲಿ ಜೋನ್ ಲಿಟಲ್ ಎಂಬ 20 ವರ್ಷದ ಕೈದಿ ತನ್ನ ಮೇಲೆ ಬಿದ್ದ ಜೈಲರನನ್ನು ಅವನೇ ತಂದಿದ್ದ ಮಂಜುಗಡ್ಡೆ ಒಡೆಯುವ ಮೊನೆಯಿಂದ ಇರಿದು ಕೊಂದಳು. ಡೆಟ್ರಾಯ್ಟ್‌ನಲ್ಲಿ ಅವಳ ಪರ ಸಮಿತಿ ಕಟ್ಟಿದವರಲ್ಲಿ ಪಾರ್ಕ್ಸ್ ಇದ್ದರು. 1975ರ ಆಗಸ್ಟಿನಲ್ಲಿ ಜ್ಯೂರಿ ಲಿಟಲ್‌ಳನ್ನು ನಿರ್ದೋಷಿ ಎಂದಿತು. ಸೀಲಿಯಾಗೆ ಸಿಗದ ತೀರ್ಪು ಸಿಗಲು 120 ವರ್ಷ ಬೇಕಾಯಿತು. ಹೇಗೆ ಸಿಕ್ಕಿತು? ಸೀಲಿಯಾಗಿಂತ ಲಿಟಲ್ ಹೆಚ್ಚು ಗಟ್ಟಿಗಳಾಗಿದ್ದಳೇ? ಅಲ್ಲವೇ ಅಲ್ಲ. ಊರೂರುಗಳಲ್ಲಿ ಜನ ಹಣ ಎತ್ತಿದರು, ಒಳ್ಳೆಯ ವಕೀಲರನ್ನು ಹಿಡಿದರು, ಕೋರ್ಟಿನ ಹೊರಗೆ ದಿನವೂ ನಿಂತರು. ಅವಳ ಮಾತು ನಡೆದದ್ದು ಅವಳೊಬ್ಬಳೇ ಇಲ್ಲದ್ದರಿಂದ. ಒಂಟಿಯಾಗಿ ಎಲ್ಲವನ್ನೂ ಎದುರಿಸುವ ಗಟ್ಟಿಗಿತ್ತಿಯ ಚಿತ್ರ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಚೀಟಿ ಬಂತು. ಹದಿನೈದು ನಿಮಿಷ ಎಂದು ಬರೆದಿದ್ದಾರೆ. ಟಿಪ್ಪಣಿಯಲ್ಲಿ ಇನ್ನೂ ಐದು ಪುಟ ಇದೆ, ಓಡುತ್ತೇನೆ.

ಆಸ್ಪತ್ರೆಯ ವಿಷಯ ಬಿಡುವ ಹಾಗಿಲ್ಲ. 1840ರ ದಶಕದಲ್ಲಿ ಮಾಂಟ್ಗೊಮರಿಯಲ್ಲಿ ಡಾಕ್ಟರ್ ಮೇರಿಯನ್ ಸಿಮ್ಸ್ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದರು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಉಳಿದಿವೆ. ಅನಾರ್ಕಾಳನ್ನು ಸುಮಾರು ಮೂವತ್ತು ಸಲ ಕೊಯ್ದರು. ಕಪ್ಪು ಮೈ ನೋವು ತಡೆಯುತ್ತದೆ ಎಂಬ ನಂಬಿಕೆ ಹಳೆಯದು ಅಂದುಕೊಳ್ಳಬೇಡಿ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಮಂದಿ ನಂಬಿದ್ದರು. ಇದರ ಜೊತೆಗೆ ಸರ್ಕಾರದ ಅಂಕಿಅಂಶ ಇಟ್ಟು ನೋಡಿ: 2023ರಲ್ಲಿ ಅಮೆರಿಕದಲ್ಲಿ ಲಕ್ಷ ಜನನಕ್ಕೆ ಸತ್ತ ಬಿಳಿಯ ತಾಯಂದಿರು 14.5, ಕಪ್ಪು ತಾಯಂದಿರು 50.3. ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆರಿಗೆಯಾದ ಮರುದಿನ ಉಸಿರು ಕಟ್ಟಿದಾಗ, ರಕ್ತ ಹೆಪ್ಪುಗಟ್ಟಿದೆ, ಸ್ಕ್ಯಾನ್ ಮಾಡಿ ಎಂದರು. ಅವರಿಗೆ ಹಿಂದೆಯೂ ಅದು ಆಗಿತ್ತು. ನೋವಿನ ಮಾತ್ರೆಯ ಅಮಲಿನಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡರು ನರ್ಸು. ಪಟ್ಟು ಹಿಡಿದು ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿತು. ಲೋಕದಲ್ಲೇ ಅತಿ ಗಟ್ಟಿ ಮೈಯ ಹೆಂಗಸು ಎಂದು ನಾವು ಹೇಳುವವರ ಮಾತೇ ಮೊದಲ ಸಲಕ್ಕೆ ನಡೆಯಲಿಲ್ಲ.

ಮನೆಯೊಳಗಿನ ಹಿಂಸೆ. ಇದು ಕಷ್ಟದ ಮಾತು, ಆದರೂ ಹೇಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಕೊಟ್ಟ ಲೆಕ್ಕದಲ್ಲಿ ಕೊಲೆಯಾಗುವ ಹೆಂಗಸರ ಪ್ರಮಾಣ ಕಪ್ಪು ಮಹಿಳೆಯರಲ್ಲೇ ಅತಿ ಹೆಚ್ಚು, ಲಕ್ಷಕ್ಕೆ 4.4. ಎಲ್ಲ ಹೆಂಗಸರ ಕೊಲೆಗಳನ್ನು ಸೇರಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚಿನವು ಗಂಡ, ಪ್ರಿಯಕರ ಇಂಥ ಸಂಬಂಧಗಳಿಗೆ ಸೇರಿದವು. ಅವಳು ಠಾಣೆಗೆ ಫೋನು ಮಾಡುವ ಮೊದಲು ನೂರು ಸಲ ಯೋಚಿಸುತ್ತಾಳೆ, ಬರುವ ಪೊಲೀಸ್ ಅವನನ್ನು ಕೊಂದರೆ? ನಮ್ಮವನನ್ನೇ ಹಿಡಿದುಕೊಟ್ಟಳು ಎಂದು ಓಣಿ ಆಡಿಕೊಂಡರೆ? ಹೀಗೆ ಸುಮ್ಮನಿರುವುದನ್ನೇ ಆಮೇಲೆ ಸಹನಶಕ್ತಿ ಎಂದು ಕೊಂಡಾಡುತ್ತಾರೆ.

ಪೊಲೀಸರ ವಿಷಯಕ್ಕೆ ಬಂದರೆ, ಒಕ್ಲಹೋಮಾ ಸಿಟಿಯ ಡೇನಿಯಲ್ ಹೋಲ್ಟ್‌ಸ್‌ಕ್ಲಾ ಎಂಬ ಪೊಲೀಸ್ ಅಧಿಕಾರಿ ಬಡ ಬಡಾವಣೆಗಳಲ್ಲಿ ಗಸ್ತು ತಿರುಗುತ್ತಾ, ಹಳೆಯ ಕೇಸು, ಮಾದಕವಸ್ತುವಿನ ದಾಖಲೆ ಇದ್ದ ಕಪ್ಪು ಹೆಂಗಸರನ್ನೇ ಲೈಂಗಿಕ ದೌರ್ಜನ್ಯಕ್ಕೆ ಆರಿಸಿಕೊಳ್ಳುತ್ತಿದ್ದ. ಇವರ ಮಾತನ್ನು ಯಾರು ನಂಬುತ್ತಾರೆ ಎಂಬ ಧೈರ್ಯ. 2014ರಲ್ಲಿ, ಯಾವ ದಾಖಲೆಯೂ ಇಲ್ಲದ 57 ವರ್ಷದ ಅಜ್ಜಿಯೊಬ್ಬರನ್ನು ತಡೆದು ಹಾಗೇ ಮಾಡಿದ. ಅವರು ನೇರವಾಗಿ ದೂರು ಕೊಟ್ಟರು. ಹದಿಮೂರು ಮಂದಿ ಕೋರ್ಟಿಗೆ ಬಂದರು, ಎಂಟು ಮಂದಿಯ ಆರೋಪ ಸಾಬೀತಾಯಿತು, 263 ವರ್ಷ ಶಿಕ್ಷೆಯಾಯಿತು. ಉಳಿದ ಐವರ ವಿಷಯದಲ್ಲಿ ಜ್ಯೂರಿ ಅವನನ್ನು ದೋಷಿ ಎನ್ನಲಿಲ್ಲ. ಆ ಐವರು ಮನೆಗೆ ಹೋಗಿ ಏನು ಮಾಡಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಬ್ರಿಯೋನಾ ಟೇಲರ್ ಹೆಸರು ನಿಮಗೆ ಗೊತ್ತು, 2020ರಲ್ಲಿ ಲೂಯಿವಿಲ್ ನಗರದಲ್ಲಿ ರಾತ್ರಿ ಮನೆಗೆ ನುಗ್ಗಿದ ಪೊಲೀಸರ ಗುಂಡಿಗೆ ಸತ್ತವಳು. ಕೆಂಟಕಿಯ ಗ್ರ್ಯಾಂಡ್ ಜ್ಯೂರಿ ಮೊಕದ್ದಮೆ ಹಾಕಿದ್ದು ಪಕ್ಕದ ಮನೆಯ ಗೋಡೆ ತೂರಿದ ಗುಂಡುಗಳಿಗೆ, ಅವಳ ಸಾವಿಗಲ್ಲ. ಇಂಥ ಹೆಸರುಗಳು ಕಳೆದುಹೋಗಬಾರದೆಂದೇ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ ಮತ್ತು ಸಂಗಾತಿಗಳು 2014ರಲ್ಲಿ ‘ಅವಳ ಹೆಸರು ಹೇಳಿ’ ಎಂಬ ಚಳವಳಿ ಶುರುಮಾಡಿದ್ದರು. 2024ರ ಜುಲೈಯಲ್ಲಿ ಇಲಿನಾಯ್‌ನ ಸೋನ್ಯಾ ಮ್ಯಾಸಿ, 36 ವರ್ಷ, ಮನೆಯ ಸುತ್ತ ಯಾರೋ ಓಡಾಡುತ್ತಿದ್ದಾರೆ ಎಂದು ತಾನೇ ಸಹಾಯಕ್ಕೆ ಫೋನು ಮಾಡಿದಳು. ಬಂದ ಪೊಲೀಸ್ ಅಧಿಕಾರಿ ಅವಳ ಅಡುಗೆಮನೆಯಲ್ಲೇ ಅವಳಿಗೆ ಗುಂಡು ಹೊಡೆದ. ಅವಳು ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆ ಎತ್ತಿದ್ದು ಅವನಿಗೆ ಅಪಾಯವಾಗಿ ಕಂಡಿತಂತೆ. 

ಇದೆಲ್ಲ ಅಮೆರಿಕದ ಕಥೆ ಎನ್ನುವವರಿಗೆ 2016ರ ಜನವರಿಯ ಹೆಸರಘಟ್ಟವನ್ನು ನೆನಪಿಸುತ್ತೇನೆ. ಸುಡಾನಿನ ಯುವಕನೊಬ್ಬನ ಕಾರು ಹರಿದು ಒಬ್ಬ ಹೆಣ್ಣುಮಗಳು ಸತ್ತಳು. ಆಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಗೂ ಆ ಅಪಘಾತಕ್ಕೂ ಏನೇನೂ ಸಂಬಂಧವಿರಲಿಲ್ಲ. ಗುಂಪು ಅವಳನ್ನು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು. ನಮ್ಮ ಬೆಂಗಳೂರಿನಲ್ಲಿ. ಆಗ ಇದನ್ನು ರಸ್ತೆ ಜಗಳ ಎಂದು ಸಣ್ಣದು ಮಾಡಿದವರು ಬಹಳ ಮಂದಿ. 

ಮತ್ತೆ ಚೀಟಿ. ಸರಿ, ಬಾಸ್ಟನ್ ಒಂದನ್ನು ಹೇಳಿ ನಿಲ್ಲಿಸುತ್ತೇನೆ. 1979ರ ಮೊದಲ ಐದು ತಿಂಗಳಲ್ಲಿ ಆ ನಗರದಲ್ಲಿ ಹನ್ನೆರಡು ಕಪ್ಪು ಹೆಂಗಸರ ಕೊಲೆಯಾಯಿತು. ಪ್ರತಿಭಟನಾ ಸಭೆಯಲ್ಲಿ ಮಾತಾಡಿದ ಗಂಡಸರು ಇದು ವರ್ಣಭೇದದ ಕೊಲೆ, ನಮ್ಮ ಹೆಂಗಸರನ್ನು ನಾವು ಕಾಯಬೇಕು ಎಂದರು. ಸತ್ತವರೆಲ್ಲ ಹೆಂಗಸರೇ ಏಕೆ ಎಂದು ಯಾರೂ ಕೇಳಲಿಲ್ಲ. ಸಭೆಯಲ್ಲಿದ್ದ, ಕಪ್ಪು ಸ್ತ್ರೀವಾದಿಗಳ ಗುಂಪಾದ ಕೊಂಬಾಹಿ ರಿವರ್ ಕಲೆಕ್ಟಿವ್‌ನ ಮಹಿಳೆಯರು ಸಿಟ್ಟಿನಿಂದ ಮನೆಗೆ ಹೋಗಿ ಕರಪತ್ರ ಬರೆದರು. ಅದರಲ್ಲಿ ರಾತ್ರಿ ಹೊರಗೆ ಹೋಗಬೇಡಿ ಎಂಬ ಉಪದೇಶ ಇರಲಿಲ್ಲ. ತಮ್ಮನ್ನು ಹೇಗೆ ಕಾಪಾಡಿಕೊಳ್ಳಬೇಕು, ಯಾವ ಯಾವ ಗುಂಪುಗಳು ನೆರವಾಗುತ್ತವೆ ಎಂದಿತ್ತು. ಆರು ಕಪ್ಪು ಹೆಂಗಸರು ಸತ್ತದ್ದೇಕೆ ಎಂಬುದು ಶೀರ್ಷಿಕೆ. ಅಚ್ಚಾಗಿ ಮರು ಅಚ್ಚಾಗುವಷ್ಟರಲ್ಲಿ ಆರನ್ನು ಹೊಡೆದುಹಾಕಿ ಏಳು, ಅದನ್ನೂ ಹೊಡೆದುಹಾಕಿ ಎಂಟು ಎಂದು ತಿದ್ದಬೇಕಾಯಿತು. ಸಾವಿರಗಟ್ಟಲೆ ಪ್ರತಿಗಳನ್ನು ಹಂಚಿದರು. ಆ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನಿಮ್ಮ ವಿಭಾಗ ಮಾಡಬಹುದು, ನಾನೂ ಜೊತೆಗಿರುತ್ತೇನೆ. ಪ್ರಶ್ನೆಗಳಿದ್ದರೆ ಈಗ ಕೇಳಿ.